ಮಕ್ಕಳ ಕಲಿಕೆಗೆ ಇ-ಕೃತಿಸಂಪುಟ: ಕಟ್ಟುವುದು ಹೇಗೆ, ಅಂಕ ಕೊಡುವುದು ಹೇಗೆ

ಕೃತಿಸಂಪುಟ, ಅಂದರೆ ಪೋರ್ಟ್‌ಫೋಲಿಯೊ, ನಮ್ಮ ಶಾಲೆಗಳಿಗೆ ಹೊಸದೇನಲ್ಲ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂದಾಗಿನಿಂದ ಮಕ್ಕಳ ಹೆಸರಿನಲ್ಲಿ ಒಂದೊಂದು ಫೈಲು ಇಡುತ್ತಾ ಬಂದಿದ್ದೇವೆ. ಚಿತ್ರ, ಪ್ರಬಂಧ, ಕಿರುಪರೀಕ್ಷೆಯ ಉತ್ತರ ಪತ್ರಿಕೆ ಎಲ್ಲವೂ ಅದರೊಳಗೆ ಸೇರುತ್ತವೆ. ಸಿಬಿಎಸ್‌ಇ ಶಾಲೆಗಳಲ್ಲಿ 9 ಮತ್ತು 10ನೇ ತರಗತಿಯ 20 ಆಂತರಿಕ ಅಂಕಗಳಲ್ಲಿ 5 ಅಂಕ ಇದಕ್ಕೇ ಮೀಸಲು. ನಮ್ಮ ರಾಜ್ಯ ಪಠ್ಯಕ್ರಮದಲ್ಲಿ ವರ್ಷದ ನಡುನಡುವೆ ನಡೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳ ಚಟುವಟಿಕೆಗಳಿಗೆ ಸಾಕ್ಷಿ ಬೇಕಾದಾಗ ನೋಡುವುದು ಇದೇ ಫೈಲನ್ನು.

ಇದನ್ನೇ ಫೋನು, ಕಂಪ್ಯೂಟರಿಗೆ ತಂದರೆ ಇ-ಕೃತಿಸಂಪುಟ. ಕಾಗದದ ಫೈಲಿನ ಫೋಟೊ ತೆಗೆದು ಡ್ರೈವ್‌ಗೆ ಹಾಕಿದರೆ ಜಾಗ ಉಳಿಯುತ್ತದೆ, ಕಲಿಕೆಗೆ ಏನೂ ಸಿಗುವುದಿಲ್ಲ. ಲಾಭ ಇರುವುದು ಬೇರೆ ಕಡೆ. ಮಗುವಿನ ಮೊದಲ ಕರಡು, ಎರಡನೆಯ ಕರಡು, ನಡುವೆ ಏನು ಬದಲಾಯಿತು ಮತ್ತು ಯಾಕೆ ಎಂಬ ಮಗುವಿನದೇ ಮಾತು, ಮೂರೂ ಪಕ್ಕಪಕ್ಕದಲ್ಲಿ ಇರಬೇಕು. ಕಾಗದದಲ್ಲಿ ಹಳೆಯ ಕರಡು ಸಾಮಾನ್ಯವಾಗಿ ಬುಟ್ಟಿ ಸೇರುತ್ತದೆ. ಫೈಲಿನಲ್ಲಿ ಉಳಿಯುವುದು ಚೆಂದವಾಗಿ ನಕಲು ಮಾಡಿದ ಕೊನೆಯ ಪ್ರತಿ ಮಾತ್ರ. ಅದನ್ನು ನೋಡಿ ಮಗು ಎಲ್ಲಿಂದ ಎಲ್ಲಿಗೆ ಬಂತು ಅಂತ ಹೇಳಲು ಆಗುವುದಿಲ್ಲ, ಅಲ್ವಾ?

ಸ್ಮಾರ್ಟ್‌ಫೋನ್ ಇರುವ ಒಬ್ಬ ಶಿಕ್ಷಕರು, ಒಂದೆರಡು ಕಂಪ್ಯೂಟರ್, ಸುಮಾರು 45 ಮಕ್ಕಳ ಎಂಟನೇ ತರಗತಿ. ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೆಳಗಿನದನ್ನು ಬರೆದಿದ್ದೇನೆ.

1. ಯಾವುದಕ್ಕೆ ಅಂತ ಮೊದಲೇ ತೀರ್ಮಾನಿಸಿ

ಒಂದೇ ಸಂಪುಟದಲ್ಲಿ ಕಲಿಯುವ ಕೆಲಸ, ತೋರಿಸುವ ಕೆಲಸ ಎರಡನ್ನೂ ಬೆರೆಸಿದರೆ ತೊಂದರೆ ಶುರುವಾಗುತ್ತದೆ. ಇಲ್ಲಿ ಹಾಕಿದ್ದಕ್ಕೆಲ್ಲ ಅಂಕ ಇದೆ ಅಂತ ಗೊತ್ತಾದರೆ ಮಗು ತಪ್ಪಿರುವ ಹಾಳೆಯನ್ನು ಹಾಕುವುದೇ ಇಲ್ಲ. ಹಾಗಾಗಿ ಪ್ರತಿ ಮಗುವಿಗೂ ಎರಡು ಫೋಲ್ಡರ್ ಮಾಡಿ. ಒಂದು "ಕೆಲಸ". ಇದರಲ್ಲಿ ಕರಡು, ತಪ್ಪು, ಅರ್ಧಕ್ಕೆ ನಿಂತ ಚಿತ್ರ, ಏನು ಬೇಕಾದರೂ ಇರಬಹುದು. ಅಂಕ ಇಲ್ಲ. ಇನ್ನೊಂದು "ಆಯ್ಕೆ". ಮೌಲ್ಯಮಾಪನದ ಸಮಯದಲ್ಲಿ ಮಗುವೇ "ಕೆಲಸ"ದಿಂದ ಆರಿಸಿ ಇದಕ್ಕೆ ತರುತ್ತದೆ. ಅಂಕ ಇದಕ್ಕೆ ಮಾತ್ರ.

ಈ ಮಾತನ್ನು ಮೊದಲ ದಿನವೇ ತರಗತಿಯಲ್ಲಿ ಹೇಳಿ, ಹೇಳಿದ ಹಾಗೇ ನಡೆದುಕೊಳ್ಳಿ. "ಕೆಲಸ" ಫೋಲ್ಡರಿನ ಒಂದು ತಪ್ಪನ್ನು ಎತ್ತಿಕೊಂಡು ಒಮ್ಮೆ ಅಂಕ ಕಳೆದರೂ ಸಾಕು, ಆ ಫೋಲ್ಡರ್ ಖಾಲಿಯಾಗುತ್ತದೆ.

ಎಲ್ಲ ವಿಷಯಕ್ಕೂ ಒಟ್ಟಿಗೆ ಶುರು ಮಾಡಬೇಡಿ. ಒಂದು ವಿಷಯ, ಒಂದು ತರಗತಿ, ಒಂದು ಅರ್ಧವರ್ಷ. ಅಷ್ಟು ನಡೆದರೆ ಮುಂದಿನದು ತಾನಾಗಿ ತಿಳಿಯುತ್ತದೆ.

2. ಜಾಗ ಮತ್ತು ಸಲಕರಣೆ

ಇದಕ್ಕೆಂದೇ ಮಾಡಿದ ತಂತ್ರಾಂಶಗಳಿವೆ. ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ಮಹಾರಾ ಎಂಬುದು ಮುಕ್ತ ತಂತ್ರಾಂಶ. ಮೂಡಲ್ ಎಂಬ ಆನ್‌ಲೈನ್ ಕಲಿಕಾ ತಂತ್ರಾಂಶ ಬಳಸುವ ಕಾಲೇಜುಗಳಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಅದನ್ನು ನಡೆಸಲು ಸರ್ವರ್ ಬೇಕು, ನೋಡಿಕೊಳ್ಳುವವರು ಬೇಕು. ಹೈಸ್ಕೂಲಿಗೆ ಸಾದಾ ಫೋಲ್ಡರ್ ಸಾಕು ಎಂಬುದು ನನ್ನ ಅಭಿಪ್ರಾಯ. ಗೂಗಲ್ ಡ್ರೈವ್‌ನ ಉಚಿತ ಖಾತೆಯಲ್ಲಿ 15 ಜಿಬಿ ಜಾಗ ಇದೆ. ಮೇಲ್ ಮತ್ತು ಫೋಟೊಗಳೂ ಇದೇ ಲೆಕ್ಕಕ್ಕೆ ಬರುವುದರಿಂದ ನಿಮ್ಮ ಸ್ವಂತ ಖಾತೆ ಬಳಸಬೇಡಿ. ತರಗತಿಗೆಂದೇ ಹೊಸ ಖಾತೆ ತೆರೆಯಿರಿ.

ಲೆಕ್ಕ ಹೀಗಿದೆ. 45 ಮಕ್ಕಳು, ತಲೆಗೆ 12 ಕಡತ, ಒಂದೊಂದು 1 ಎಂಬಿ ಅಂದರೂ 540 ಎಂಬಿ ಮಾತ್ರ. ಇದು ಸಾಧ್ಯವಾಗಬೇಕಾದರೆ ಸುಮ್ನೆ ಫೋಟೊ ತೆಗೆಯಬೇಡಿ, ಸ್ಕ್ಯಾನ್ ಮಾಡಿ. ಆಂಡ್ರಾಯ್ಡ್ ಫೋನಿನ ಡ್ರೈವ್ ಆ್ಯಪಿನಲ್ಲೇ ಸ್ಕ್ಯಾನ್ ಸೌಲಭ್ಯ ಇದೆ. ಅದು ಹಾಳೆಯ ಅಂಚನ್ನು ತಾನೇ ಹಿಡಿದು, ನೆರಳು ತೆಗೆದು ಪಿಡಿಎಫ್ ಮಾಡಿಕೊಡುತ್ತದೆ. ಫೋನಿನ ಒಂದು ಫೋಟೊ 3-4 ಎಂಬಿ ಆಗುವುದುಂಟು, ಸ್ಕ್ಯಾನ್ ಮಾಡಿದ ಹಾಳೆ ಅದಕ್ಕಿಂತ ಎಷ್ಟೋ ಚಿಕ್ಕದು. ವಿಡಿಯೊ ಬಗ್ಗೆ ಎಚ್ಚರ. ಒಂದು ನಿಮಿಷದ್ದೇ 50 ಎಂಬಿ ದಾಟಬಹುದು. ಮಾತು ಮುಖ್ಯವಾಗಿದ್ದರೆ ಧ್ವನಿ ಮಾತ್ರ ದಾಖಲಿಸಿ.

ಮಕ್ಕಳು ಮನೆಯಿಂದ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿಕೊಡಿ. ಫೋಟೊ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಪೆನ್ಸಿಲ್ ಅಕ್ಷರ ಓದಲು ಕಷ್ಟ.

ಕಡತದ ಹೆಸರು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಮೂರು ತಿಂಗಳಾದ ಮೇಲೆ ಇದರಿಂದಲೇ ಕೆಲಸ ನಿಲ್ಲುತ್ತದೆ. ದಿನಾಂಕ ಮೊದಲು ಬರಲಿ, ಅದೂ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ. "2025-07-14 ಬೀಜ ಕರಡು 1" ಅಂತ ಇಟ್ಟರೆ ಕಡತಗಳು ತಾವಾಗಿ ಸಾಲಾಗಿ ನಿಲ್ಲುತ್ತವೆ. ಮಗುವಿನ ಹೆಸರು ಫೋಲ್ಡರಿಗೆ ಇದ್ದೇ ಇದೆ, ಕಡತಕ್ಕೆ ಬೇಡ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಮಾತು. ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟು ಇರಬಹುದು. ಅದರಲ್ಲಿ ಟೈಪ್ ಮಾಡಿದ ಪ್ರಬಂಧ ಫೋನಿನಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ. ಎಲ್ಲ ಫೋನು, ಕಂಪ್ಯೂಟರಿನಲ್ಲೂ ಒಂದೇ ರೀತಿ ಕಾಣುವ ಯುನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಟೈಪಿಂಗ್ ನಿಧಾನವಾದರೆ ಮಕ್ಕಳು ಕೈಯಲ್ಲೇ ಬರೆಯಲಿ, ನೀವು ಸ್ಕ್ಯಾನ್ ಮಾಡಿ. ಇ-ಕೃತಿಸಂಪುಟ ಅಂದ ಮಾತ್ರಕ್ಕೆ ಎಲ್ಲವನ್ನೂ ಟೈಪ್ ಮಾಡಬೇಕಿಲ್ಲ.

3. ಪೋಷಕರ ಒಪ್ಪಿಗೆ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕು ಎಂಬುದು ಅದರ ಮೂಲ ನಿಯಮ. ಕಾಯ್ದೆಗೋಸ್ಕರ ಮಾತ್ರ ಅಂದುಕೊಳ್ಳಬೇಡಿ. ಮಗು ತಪ್ಪು ಮಾಡಿದ ಹಾಳೆ, ಮಗುವಿನ ಧ್ವನಿ ಬೇರೆಯವರ ಕೈಗೆ ಹೋಗಬಾರದು. ಕನ್ನಡದಲ್ಲಿ ಅರ್ಧ ಪುಟದ ಒಪ್ಪಿಗೆ ಪತ್ರ ಮಾಡಿ. ಏನು ಇಡುತ್ತೀರಿ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ, ಈ ಮೂರು ಮಾತು ಸಾಕು. ಓದಲು ಬಾರದ ಪೋಷಕರಿಗೆ ಓದಿ ಹೇಳಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ಒಪ್ಪದ ಮನೆಯ ಮಗುವಿಗೆ ಕಾಗದದ ಫೈಲೇ ಇರಲಿ. ಅಂಕದಲ್ಲಿ ಅದರಿಂದ ಏನೂ ವ್ಯತ್ಯಾಸ ಆಗಬಾರದು.

ಫೋಲ್ಡರಿನ ಹಂಚಿಕೆಯನ್ನು "ಲಿಂಕ್ ಇರುವ ಎಲ್ಲರಿಗೂ" ಅಂತ ತೆರೆದಿಡಬೇಡಿ. ಆ ಲಿಂಕು ಒಂದು ಗುಂಪಿಗೆ ಹೋದರೆ ಮತ್ತೆ ಎಲ್ಲೆಲ್ಲಿ ಹೋಗುತ್ತದೆ ಅಂತ ಹಿಡಿಯಲು ಆಗುವುದಿಲ್ಲ. ಮುಖ ಕಾಣುವ ಫೋಟೊ ಕಡಿಮೆ ಇರಲಿ. ಕೈ, ಹಾಳೆ, ಮಾದರಿ ಕಂಡರೆ ಸಾಕು.

4. ಏನನ್ನು ಹಾಕಬೇಕು: ಒಂದು ಬೀಜದ ಉದಾಹರಣೆ

ಎಂಟನೇ ತರಗತಿ ವಿಜ್ಞಾನದಲ್ಲಿ ಬೆಳೆ ಉತ್ಪಾದನೆಯ ಪಾಠ ಬರುತ್ತದೆ. ಅದರಲ್ಲೊಂದು ಸಣ್ಣ ಚಟುವಟಿಕೆ: ಒಂದು ಹಿಡಿ ಗೋಧಿ ಕಾಳನ್ನು ನೀರಿಗೆ ಹಾಕಿ ಕಲಕಿ, ಸ್ವಲ್ಪ ಹೊತ್ತು ಬಿಟ್ಟು ನೋಡುವುದು. ಹಾಳಾದ ಕಾಳು ಒಳಗೆ ಟೊಳ್ಳಾಗಿರುತ್ತದೆ, ಹಗುರವಾಗಿ ತೇಲುತ್ತದೆ. ಒಂದು ಪೀರಿಯಡ್ಡಿನ ಕೆಲಸ.

ಒಬ್ಬ ಹುಡುಗಿ ಇದನ್ನು ಮಾಡಿ ಹೀಗೆ ಬರೆದಳು ಅಂದುಕೊಳ್ಳಿ: "ಕೆಲವು ಕಾಳು ತೇಲಿದವು. ಅವು ಹಾಳಾದವು. ಮುಳುಗಿದವು ಒಳ್ಳೆಯವು." ಉತ್ತರ ಸರಿ. ಹಳೆಯ ಪದ್ಧತಿಯಲ್ಲಿ ಇಲ್ಲಿಗೆ ಟಿಕ್ ಬೀಳುತ್ತದೆ, ಫೈಲು ಮುಚ್ಚುತ್ತದೆ. ಈಗ ಇದನ್ನು ಕರಡು 1 ಅಂತ ಸ್ಕ್ಯಾನ್ ಮಾಡಿ ಇಡಿ. ಕೆಳಗೆ ಒಂದೇ ಪ್ರಶ್ನೆ ಬರೆಯಿರಿ: "ತೇಲಿದ ಕಾಳು ಹಾಳಾಗಿದೆ ಅಂತ ನಿನಗೆ ಹೇಗೆ ಗೊತ್ತಾಯಿತು? ನೋಡಿದೆಯಾ, ಓದಿದೆಯಾ?"

ಅವಳಿಗೆ ಯೋಚನೆ ಹತ್ತುತ್ತದೆ. ತೇಲಿದ 20 ಕಾಳು, ಮುಳುಗಿದ 20 ಕಾಳು ಬೇರೆ ಬೇರೆ ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತಾಳೆ. ನಾಲ್ಕು ದಿನ ಬಿಟ್ಟು ಎಣಿಸುತ್ತಾಳೆ. ಮುಳುಗಿದವುಗಳಲ್ಲಿ 17 ಮೊಳೆತಿವೆ, ತೇಲಿದವುಗಳಲ್ಲಿ 5 ಮೊಳೆತಿವೆ ಅನ್ನಿ. ಈಗ ಅವಳ ಮೊದಲ ಮಾತು ಪೂರ್ತಿ ನಿಲ್ಲುವುದಿಲ್ಲ. ತೇಲಿದ್ದೆಲ್ಲ ಹಾಳಾಗಿಲ್ಲ, ಮುಳುಗಿದ್ದೆಲ್ಲ ಮೊಳೆತಿಲ್ಲ. ಎರಡು ಬಟ್ಟೆಗಳ ಒಂದು ಫೋಟೊ, ಎಣಿಕೆಯ ಪಟ್ಟಿ, ಕರಡು 2. ಮನೆಯಲ್ಲಿ ಅಜ್ಜ ಬತ್ತದ ಬೀಜ ಆರಿಸಲು ನೀರಿಗೆ ಉಪ್ಪು ಹಾಕುತ್ತಾರೆ ಅಂತ ಗೊತ್ತಾದರೆ ಅವರ ಮಾತನ್ನು ಎರಡು ನಿಮಿಷ ಫೋನಿನಲ್ಲಿ ದಾಖಲಿಸಿ ತರುತ್ತಾಳೆ. ಉಪ್ಪು ಹಾಕಿದರೆ ನೀರಿನ ಸಾಂದ್ರತೆ ಹೆಚ್ಚುತ್ತದೆ, ಬರೀ ನೀರಿನಲ್ಲಿ ಮುಳುಗುತ್ತಿದ್ದ ಅರ್ಧ ಜೊಳ್ಳು ಕಾಳೂ ತೇಲಿಬಿಡುತ್ತದೆ. ರೈತರ ಮನೆಯಲ್ಲಿ ಇದು ದಿನದ ತಿಳಿವಳಿಕೆ. ಪಾಠಕ್ಕೂ ಅದಕ್ಕೂ ನಂಟು ಹಾಕಿದವಳು ಮಗು. ಕಾಗದದ ಫೈಲಿನಲ್ಲಿ ಅಜ್ಜನ ಧ್ವನಿಗೆ ಜಾಗ ಇಲ್ಲ, ಇಲ್ಲಿ ಇದೆ.

ಒಂದು ದಾಖಲೆ ಅಂದರೆ ಇಷ್ಟು: ಕರಡು 1, ಕರಡು 2, ಬೇಕಿದ್ದರೆ ಒಂದು ಫೋಟೊ ಅಥವಾ ಧ್ವನಿ, ಮಗುವಿನ ಟಿಪ್ಪಣಿ. ವರ್ಷಕ್ಕೆ ಇಂಥವು ಆರು ಸಿಕ್ಕರೆ ತುಂಬಾ ಒಳ್ಳೆಯದು. ದಿನದ ಮನೆಗೆಲಸವನ್ನೆಲ್ಲ ತುಂಬಿಸಬೇಡಿ. ಜಾಸ್ತಿ ತುಂಬಿದ ಸಂಪುಟವನ್ನು ಯಾರೂ ಓದುವುದಿಲ್ಲ, ಬರೆದ ಮಗುವೂ ಓದುವುದಿಲ್ಲ.

ಬೇರೆ ವಿಷಯಗಳಲ್ಲೂ ಹೀಗೇ. ಕನ್ನಡದಲ್ಲಿ ಒಂದೇ ಪದ್ಯವನ್ನು ಜೂನ್‌ನಲ್ಲಿ ಓದಿದ ಧ್ವನಿ, ನವೆಂಬರ್‌ನಲ್ಲಿ ಓದಿದ ಧ್ವನಿ. ಗಣಿತದಲ್ಲಿ ತಪ್ಪಾದ ಲೆಕ್ಕ, ಸರಿ ಮಾಡಿದ ಲೆಕ್ಕ, ಎಲ್ಲಿ ತಪ್ಪಿತು ಎಂಬ ಒಂದು ಸಾಲು. ಸಮಾಜದಲ್ಲಿ ಊರಿನ ನಕ್ಷೆ.

5. ಮಗುವಿನ ಟಿಪ್ಪಣಿ

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದು. "ನಿನ್ನ ಕಲಿಕೆಯ ಬಗ್ಗೆ ಬರೆ" ಅಂದರೆ ಮಕ್ಕಳು "ನನಗೆ ಈ ಚಟುವಟಿಕೆ ತುಂಬಾ ಇಷ್ಟವಾಯಿತು, ನಾನು ಬಹಳ ಕಲಿತೆ" ಅಂತ ಬರೆಯುತ್ತಾರೆ. ತಪ್ಪು ಅವರದಲ್ಲ, ಪ್ರಶ್ನೆಯೇ ಸಡಿಲ. ಬೆರಳಿಟ್ಟು ತೋರಿಸಬೇಕಾದ ಪ್ರಶ್ನೆ ಕೇಳಿ:

- ಮೊದಲ ಕರಡಿನ ಯಾವ ಸಾಲನ್ನು ಬದಲಾಯಿಸಿದೆ? ಯಾಕೆ?
- ಎಲ್ಲಿ ಸಿಕ್ಕಿಹಾಕಿಕೊಂಡೆ? ಯಾರನ್ನು ಕೇಳಿದೆ, ಏನು ಮಾಡಿದೆ?
- ಇನ್ನೂ ಗೊತ್ತಾಗದೆ ಉಳಿದದ್ದು ಏನು?

ಮೂರಕ್ಕೂ ಉತ್ತರ ಬೇಕಿಲ್ಲ, ಒಂದಕ್ಕೆ ನಾಲ್ಕು ಸಾಲು ಸಾಕು. ಬರೆಯಲು ಕಷ್ಟಪಡುವ ಮಗು ಮಾತಾಡಲಿ, ಧ್ವನಿ ದಾಖಲಿಸಿ. ಆಡುಮಾತಿನಲ್ಲೇ ಹೇಳಲಿ. ಧಾರವಾಡದ ಮಗು ಅದರ ಮಾತಿನಲ್ಲಿ, ಕುಂದಾಪುರದ ಮಗು ಅದರ ಮಾತಿನಲ್ಲಿ ಹೇಳಿದರೆ ಯೋಚನೆ ಸಲೀಸಾಗಿ ಹೊರಬರುತ್ತದೆ. ಗ್ರಂಥದ ಭಾಷೆ ಹುಡುಕಲು ಹೋದರೆ ಹೇಳಬೇಕಾದ್ದೇ ಮರೆತುಹೋಗುತ್ತದೆ. ಮನೆಮಾತು ಉರ್ದು, ತುಳು, ಲಂಬಾಣಿ ಆಗಿದ್ದರೆ ಅದರಲ್ಲೇ ಶುರು ಮಾಡಿದರೂ ಅಡ್ಡಿಯಿಲ್ಲ.

ಮೊದಲೆರಡು ಸಲ ತರಗತಿಯಲ್ಲೇ ಒಟ್ಟಿಗೆ ಮಾಡಿಸಿ. ಒಂದು ಒಳ್ಳೆಯ ಟಿಪ್ಪಣಿ, ಒಂದು ಸಡಿಲ ಟಿಪ್ಪಣಿ ಎರಡನ್ನೂ ನೀವೇ ಬರೆದು ಬೋರ್ಡಿನಲ್ಲಿ ಹಾಕಿ, ವ್ಯತ್ಯಾಸ ಏನು ಅಂತ ಮಕ್ಕಳನ್ನೇ ಕೇಳಿ. ಯಾವುದೋ ಮಗುವಿನ ಸಡಿಲ ಟಿಪ್ಪಣಿಯನ್ನು ಉದಾಹರಣೆಗೆ ಎತ್ತಿಕೊಳ್ಳಬೇಡಿ.

6. ನಿಮ್ಮ ಮಾತು

ರೂತ್ ಬಟ್ಲರ್ ಎಂಬ ಸಂಶೋಧಕಿ ಇಸ್ರೇಲಿನ ಶಾಲಾ ಮಕ್ಕಳ ಜೊತೆ ನಡೆಸಿದ ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಅಭಿಪ್ರಾಯ ಮಾತ್ರ, ಇನ್ನು ಕೆಲವರಿಗೆ ಎರಡನ್ನೂ ಕೊಟ್ಟರು. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಅಭಿಪ್ರಾಯ ಮಾತ್ರ ಪಡೆದ ಗುಂಪು. ಎರಡನ್ನೂ ಪಡೆದವರು ಅಂಕ ಮಾತ್ರ ಪಡೆದವರ ಹಾಗೇ ಉಳಿದರು. ಅಂಕ ಕಂಡ ಮೇಲೆ ಪಕ್ಕದ ಮಾತು ಮಕ್ಕಳ ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನು ಉತ್ತರ ಪತ್ರಿಕೆ ಹಂಚಿದ ಪ್ರತಿ ಶಿಕ್ಷಕರೂ ನೋಡಿದ್ದೇವೆ. "ಕೆಲಸ" ಫೋಲ್ಡರಿನಲ್ಲಿ ಅಂಕ ಬೇಡ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಅಭಿಪ್ರಾಯ ಎರಡೇ ಸಾಲು. ಮೊದಲನೆಯದು ನೀವು ಕಂಡದ್ದು: "ಎರಡು ಗುಂಪಿಗೂ 20 ಕಾಳೇ ತೆಗೆದುಕೊಂಡೆ, ಅದರಿಂದ ಹೋಲಿಸಲು ಆಯಿತು." ಎರಡನೆಯದು ಮುಂದಿನ ಪ್ರಶ್ನೆ: "ಮುಳುಗಿದ ಮೂರು ಕಾಳು ಯಾಕೆ ಮೊಳೆಯಲಿಲ್ಲ?" ಬರೀ "ಗುಡ್", "ಉತ್ತಮ ಪ್ರಯತ್ನ" ಅಂದರೆ ಮಗುವಿಗೆ ಮುಂದೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ.

ಸಮಯ ಎಲ್ಲಿದೆ ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಪಾಠ, ಬಿಸಿಯೂಟದ ಲೆಕ್ಕ, ಮಕ್ಕಳ ವಿವರದ ಸರ್ಕಾರಿ ಜಾಲತಾಣ ಎಸ್‌ಎಟಿಎಸ್‌ಗೆ ಮಾಹಿತಿ ತುಂಬುವುದು, ಇವುಗಳ ನಡುವೆ 45 ಸಂಪುಟ ಒಟ್ಟಿಗೆ ನೋಡಲು ಯಾರಿಂದಲೂ ಆಗುವುದಿಲ್ಲ. ವಾರಕ್ಕೆ ಎಂಟು ಮಕ್ಕಳದ್ದು ಮಾತ್ರ ನೋಡಿ. ಒಂದಕ್ಕೆ ಐದು ನಿಮಿಷ ಅಂದರೆ 40 ನಿಮಿಷ, ಒಂದು ಪೀರಿಯಡ್. ಆರು ವಾರಕ್ಕೆ ಇಡೀ ತರಗತಿ ಮುಗಿಯುತ್ತದೆ. ಉಳಿದ ವಾರಗಳಲ್ಲಿ ಮಕ್ಕಳು ಇಬ್ಬಿಬ್ಬರಾಗಿ ಒಬ್ಬರದನ್ನೊಬ್ಬರು ನೋಡಿ, ಅದೇ ಎರಡು ಸಾಲಿನ ಕ್ರಮದಲ್ಲಿ ಹೇಳಲಿ.

7. ಅಂಕ ಕೊಡುವ ಹೊತ್ತು

ರೂಪಣಾತ್ಮಕ ಮೌಲ್ಯಮಾಪನಕ್ಕೆ ಒಂದು ವಾರ ಮೊದಲು ಮಗು ತನ್ನ "ಕೆಲಸ"ದಿಂದ ಒಂದು ದಾಖಲೆಯನ್ನು "ಆಯ್ಕೆ"ಗೆ ತರಲಿ. ಯಾಕೆ ಇದನ್ನೇ ಆರಿಸಿದೆ ಅಂತ ಎರಡು ಸಾಲು ಬರೆಯಲಿ. ಚಟುವಟಿಕೆಗೆ 15 ಅಂಕ ಇಟ್ಟುಕೊಂಡರೆ ಮೂರು ಭಾಗ, ಒಂದೊಂದಕ್ಕೆ 5: ಕೆಲಸದ ಸಾಕ್ಷಿ, ಕರಡುಗಳ ನಡುವಿನ ಬದಲಾವಣೆ, ಕಾರಣ ಹೇಳುವ ರೀತಿ.

ಪ್ರತಿ ಭಾಗಕ್ಕೂ ಯಾವ ಅಂಕಕ್ಕೆ ಏನು ಕಾಣಬೇಕು ಅಂತ ಮೊದಲೇ ಬರೆದಿಡಿ, ಮಕ್ಕಳಿಗೂ ತೋರಿಸಿ. ಬದಲಾವಣೆಯ ಭಾಗಕ್ಕೆ ನಾನು ಇಡುವ ಅಳತೆ ಇದು. ಎರಡನೇ ಕರಡಿನಲ್ಲಿ ಅಕ್ಷರ ಮಾತ್ರ ದುಂಡಾಗಿದ್ದರೆ 1. ಬಿಟ್ಟುಹೋಗಿದ್ದ ಮಾಹಿತಿ ಸೇರಿದ್ದರೆ 3. ಒಂದು ಪ್ರಶ್ನೆ ಹಿಡಿದು ಮತ್ತೆ ಮಾಡಿ ನೋಡಿ, ಮೊದಲ ತೀರ್ಮಾನವನ್ನು ತಿದ್ದಿದ್ದರೆ ಅಥವಾ ಸಾಕ್ಷಿ ಕೊಟ್ಟು ಗಟ್ಟಿ ಮಾಡಿದ್ದರೆ 5. ಅಂದವಾದ ಬರಹ, ಬಣ್ಣದ ಅಂಚು, ಆ್ಯಪಿನ ಅಲಂಕಾರಕ್ಕೆ ಅಂಕ ಇಲ್ಲ. ಮನೆಯಲ್ಲಿ ಒಳ್ಳೆಯ ಫೋನ್ ಇರುವ ಮಗುವಿಗೆ ಅದರಿಂದಲೇ ಮುಂದೆ ಹೋಗಲು ಬಿಡಬಾರದು.

ಒಬ್ಬರೇ ಕೂತು ಎಲ್ಲಕ್ಕೂ ಅಂಕ ಹಾಕಿಬಿಡಬೇಡಿ. ಅಮೆರಿಕದ ವರ್ಮಾಂಟ್ ರಾಜ್ಯ 1990ರ ದಶಕದ ಶುರುವಿನಲ್ಲಿ 4 ಮತ್ತು 8ನೇ ತರಗತಿಯ ಗಣಿತ, ಬರವಣಿಗೆಗೆ ರಾಜ್ಯದ ತುಂಬಾ ಕೃತಿಸಂಪುಟದ ಮೌಲ್ಯಮಾಪನ ತಂದಿತು. ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಅದನ್ನು ಪರಿಶೀಲಿಸಿದಾಗ ಒಂದೇ ಸಂಪುಟಕ್ಕೆ ಇಬ್ಬರು ಶಿಕ್ಷಕರು ಕೊಟ್ಟ ಅಂಕಗಳು ಸರಿಯಾಗಿ ತಾಳೆಯಾಗುತ್ತಿರಲಿಲ್ಲ. ಕಲಿಸುವ ರೀತಿಯಲ್ಲಿ ಒಳ್ಳೆಯ ಬದಲಾವಣೆ ಬಂದಿದೆ ಅಂತ ಅಲ್ಲಿನ ಶಿಕ್ಷಕರು ಹೇಳಿದರು, ಆದರೆ ಆ ಅಂಕಗಳನ್ನು ಹೋಲಿಸಲು ನೆಚ್ಚುವಂತಿರಲಿಲ್ಲ. ನಮ್ಮ ಮಟ್ಟಿಗೆ ಇದರಿಂದ ಮಾಡಬೇಕಾದ ಕೆಲಸ ಚಿಕ್ಕದು. ನೀವು ಮತ್ತು ಇನ್ನೊಬ್ಬ ಶಿಕ್ಷಕರು ಐದು ಸಂಪುಟಗಳಿಗೆ ಬೇರೆ ಬೇರೆ ಕೂತು ಅಂಕ ಹಾಕಿ. ಆಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಎರಡಕ್ಕಿಂತ ಜಾಸ್ತಿ ವ್ಯತ್ಯಾಸ ಬಂದಲ್ಲಿ ಮಾತಾಡಿ, ಅಳತೆಯ ಮಾತನ್ನು ತಿದ್ದಿ. ಉಳಿದವುಗಳಿಗೆ ಅಂಕ ಹಾಕುವುದು ಅದಾದ ಮೇಲೆ. ಸಣ್ಣ ಶಾಲೆಯಾಗಿ ಇನ್ನೊಬ್ಬ ವಿಷಯ ಶಿಕ್ಷಕರು ಇಲ್ಲದಿದ್ದರೆ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರಿನ ಸಮಾಲೋಚನಾ ಸಭೆಗೆ ಆ ಐದನ್ನು ಹೆಸರು ಮುಚ್ಚಿ ತೆಗೆದುಕೊಂಡು ಹೋಗಿ.

ಇದೇ ಕಾರಣಕ್ಕೆ ಹತ್ತನೇ ತರಗತಿಯಲ್ಲಿ ಇದನ್ನು ಮೊದಲ ಸಲ ಪ್ರಯೋಗ ಮಾಡಬೇಡಿ. ಅಲ್ಲಿ ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ 20 ಆಂತರಿಕ ಅಂಕ ಫಲಿತಾಂಶಕ್ಕೆ ಸೇರುತ್ತದೆ. ಎಂಟರಲ್ಲಿ ಕಲಿಯಿರಿ, ಒಂಬತ್ತರಲ್ಲಿ ಗಟ್ಟಿ ಮಾಡಿಕೊಳ್ಳಿ.

ಚಾಟ್‌ಜಿಪಿಟಿಯಿಂದ ಬರೆಸಿಕೊಂಡು ಬಂದರೆ? ಕೊನೆಯ ಪ್ರತಿ ಮಾತ್ರ ಕೇಳುವ ಪದ್ಧತಿಯಲ್ಲಿ ಇದನ್ನು ಹಿಡಿಯುವುದು ಕಷ್ಟ. ಇಲ್ಲಿ ಕೈಬರಹದ ಕರಡು ಇದೆ, ಎಣಿಕೆಯ ಪಟ್ಟಿ ಇದೆ, ಒದ್ದೆ ಬಟ್ಟೆಯ ಫೋಟೊ ಇದೆ. ಆದರೂ ಅನುಮಾನ ಬಂದರೆ ಪತ್ತೆ ಮಾಡುವ ತಂತ್ರಾಂಶ ನಂಬಬೇಡಿ, ಅವು ತಪ್ಪು ಹೇಳುತ್ತವೆ. ಮಗುವನ್ನು ಹತ್ತಿರ ಕೂರಿಸಿಕೊಂಡು ಕೇಳಿ: "ಈ ಸಾಲು ಹೇಗೆ ಬಂತು, ಹೇಳು." ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಗದರಿಸಿ ಕೇಳಿದರೆ ತಾನೇ ಬರೆದ ಮಗುವೂ ಬಾಯಿ ಬಿಡುವುದಿಲ್ಲ.

8. ಪೋಷಕರ ಎದುರು

ಸಮುದಾಯದತ್ತ ಶಾಲೆ ಕಾರ್ಯಕ್ರಮಕ್ಕೋ ಪೋಷಕರ ಸಭೆಗೋ ಬಂದವರಿಗೆ ಅಂಕಪಟ್ಟಿ ಕೊಟ್ಟು ಸಹಿ ಹಾಕಿಸಿಕೊಳ್ಳುವ ಬದಲು ಮಗುವೇ ತನ್ನ ಸಂಪುಟ ತೋರಿಸಲಿ. ಒಬ್ಬೊಬ್ಬರಿಗೆ ಐದು ನಿಮಿಷ. ಕಂಪ್ಯೂಟರ್ ಒಂದೇ ಇದ್ದರೆ ಮಕ್ಕಳನ್ನು ಮೂರು ದಿನಕ್ಕೆ ಹಂಚಿ. ಮೊದಲ ಕರಡು ತೋರಿಸಿ, "ಅಮ್ಮ, ಇಲ್ಲಿ ನನಗೆ ಗೊತ್ತಿರಲಿಲ್ಲ" ಅಂತ ಮಗು ತಾನೇ ಹೇಳಬೇಕು. ನೀವು ಪಕ್ಕದಲ್ಲಿ ನಿಲ್ಲಿ, ಮಧ್ಯೆ ಬಾಯಿ ಹಾಕಬೇಡಿ. ಶಾಲೆ ಕಲಿಯದ ಪೋಷಕರೂ ಮೊಳೆತ ಕಾಳಿನ ಫೋಟೊ ನೋಡಿ ಬೀಜದ ಬಗ್ಗೆ ತಮಗೆ ಗೊತ್ತಿರುವುದನ್ನು ಹೇಳಲು ಶುರು ಮಾಡುತ್ತಾರೆ. ಅದನ್ನೂ ಟಿಪ್ಪಣಿಗೆ ಸೇರಿಸಲು ಮಗುವಿಗೆ ಹೇಳಿ.

9. ವರ್ಷದ ಕೊನೆಗೆ

ಮಾರ್ಚ್ ಒಳಗೆ "ಆಯ್ಕೆ" ಫೋಲ್ಡರಿನ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೋ ಪೋಷಕರ ಫೋನಿಗೋ ಹಾಕಿಕೊಡಿ. ಅದು ಮಗುವಿನ ಸ್ವತ್ತು. ಮುಂದಿನ ತರಗತಿಯ ಶಿಕ್ಷಕರಿಗೆ ಕೊಡುವುದಾದರೆ ಒಂದು ಮಗುವಿನದು ಎರಡು ದಾಖಲೆ ಸಾಕು, ಯಾವ ಎರಡು ಅಂತ ಮಗು ಹೇಳಲಿ. "ಕೆಲಸ" ಫೋಲ್ಡರನ್ನು ಒಪ್ಪಿಗೆ ಪತ್ರದಲ್ಲಿ ಬರೆದ ದಿನಾಂಕಕ್ಕೆ ಅಳಿಸಿ. ಡ್ರೈವ್‌ನಲ್ಲಿ ಅಳಿಸಿದ್ದು 30 ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ, ಅದನ್ನೂ ಖಾಲಿ ಮಾಡಿ. ನಿಮಗೆ ವರ್ಗಾವಣೆ ಆದರೆ ತರಗತಿಯ ಖಾತೆಯ ಪಾಸ್‌ವರ್ಡನ್ನು ಮುಖ್ಯ ಶಿಕ್ಷಕರಿಗೆ ಬರೆದುಕೊಟ್ಟು, ನಿಮ್ಮ ಫೋನಿನಿಂದ ಆ ಖಾತೆಯನ್ನು ತೆಗೆದುಹಾಕಿ.